ಎ.ಆರ್.ಟಿ. ಚಿಕಿತ್ಸೆಯ ಕಾಲದಲ್ಲಿ ಎಚ್.ಐ.ವಿ. ಮತ್ತು ನರಮಂಡಲ: ದಾವಣಗೆರೆ–ಹರಿಹರ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ಸಮೀಕ್ಷೆ

ಎಚ್.ಐ.ವಿ. ಸೋಂಕಿತರಿಗೆ, ವೈರಾಣುವನ್ನು ಹತ್ತಿಕ್ಕುವ ಎ.ಆರ್.ಟಿ. ಎಂಬ ಉಚಿತ ಚಿಕಿತ್ಸೆಯನ್ನು ಭಾರತ ಸರ್ಕಾರವು 2004ನೆಯ ಇಸವಿಯ ಏಪ್ರಿಲ್ 1ರಂದು ಆರಂಭಿಸಿದ ತರುವಾಯ, ಒಂದು ಕಾಲಕ್ಕೆ ಮರಣಶಾಸನವೆಂದೇ ಎಣಿಸಲ್ಪಡುತ್ತಿದ್ದ ಆ ವ್ಯಾಧಿಯು ನಿತ್ಯವೂ ತಪ್ಪದೆ ಮಾತ್ರೆ ನುಂಗುವವರ ಪಾಲಿಗೆ ದಶಕಗಳವರೆಗೆ ಸಾಗಬಲ್ಲ ದೀರ್ಘವ್ಯಾಧಿಯಾಗಿ ಮಾರ್ಪಟ್ಟಿತೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ದೇಶದಲ್ಲಿ ಸುಮಾರು 25 ಲಕ್ಷ ಮಂದಿಯೂ ನಮ್ಮ ರಾಜ್ಯವೊಂದರಲ್ಲಿಯೇ ಎರಡೂವರೆ ಲಕ್ಷಕ್ಕೆ ಮೇಲ್ಪಟ್ಟ ಮಂದಿಯೂ ಈ ಸೋಂಕಿನೊಡನೆ ಬಾಳುತ್ತಿರುವರು. ಇವರ ಆಯುಸ್ಸು ಬೆಳೆದಂತೆ, ಮೊದಲು ಕೇಳಲು ವ್ಯವಧಾನವೇ ಇಲ್ಲದಿದ್ದ ಒಂದು ಪ್ರಶ್ನೆ ಮುನ್ನೆಲೆಗೆ ಬಂದಿದೆ. ರಕ್ತದಲ್ಲಿ ಅಡಗಿದ ವೈರಾಣುವು ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಕೈಕಾಲುಗಳ ನರಗಳಲ್ಲಿಯೂ ಅಡಗಿರುವುದೆ? ಅಡಗಿದ್ದರೆ, ಮಾತ್ರೆ ತಪ್ಪಿಸದ ರೋಗಿಗೂ ಪಾದ ಉರಿಯುವುದೇಕೆ, ಮರೆವು ಕವಿಯುವುದೇಕೆ, ಇದ್ದಕ್ಕಿದ್ದಂತೆ ಫಿಟ್ಸ್ ಬರುವುದೇಕೆ?

ಈ ಪ್ರಶ್ನೆಯನ್ನು ದಾವಣಗೆರೆ ಮತ್ತು ಹರಿಹರಗಳ ಕಡೆಯಿಂದ ನೋಡುವುದಕ್ಕೆ ಕಾರಣವುಂಟು. ದಾವಣಗೆರೆಯಲ್ಲಿ 1965ರಲ್ಲಿ ಸ್ಥಾಪಿತವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಅದರ ವಿದ್ಯಾರ್ಥಿಗಳು ಕಲಿಯುವ ಬಾಪೂಜಿ ಆಸ್ಪತ್ರೆ, ಎ.ಆರ್.ಟಿ. ಕೇಂದ್ರವನ್ನುಳ್ಳ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇವು ಸುತ್ತಣ ತಾಲ್ಲೂಕುಗಳ ಜನರಿಗೆ ಆಶ್ರಯವಾಗಿವೆ. ಇಲ್ಲಿಗೆ ಬರುವವರಲ್ಲಿ ಭದ್ರಾ ನಾಲೆಯ ನೀರಿನ ಭತ್ತದ ಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿದ್ದಾರೆ, ಮಂಡಕ್ಕಿ ಭಟ್ಟಿಯ ಬೆಂಕಿಯೆದುರು ನಿಲ್ಲುವವರಿದ್ದಾರೆ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಲಾರಿ ನಡೆಸುವವರಿದ್ದಾರೆ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಮೇಲೆ ಸಿಕ್ಕಿದ ಕೂಲಿಯನ್ನೇ ನೆಚ್ಚಿಕೊಂಡ ಸಂಸಾರಗಳಿಂದ ಬಂದವರೂ ಇದ್ದಾರೆ. ಇವರೆಲ್ಲರ ಜೀವನವು ಕೈಕಾಲಿನ ಸ್ಪರ್ಶವನ್ನೂ ಕಣ್ಣಿನ ಎಚ್ಚರವನ್ನೂ ಅವಲಂಬಿಸಿರುವುದರಿಂದ, ನರಮಂಡಲದ ಒಂದು ಸಣ್ಣ ವಿಕಾರವೂ ಇವರ ಅನ್ನಕ್ಕೆ ನೇರವಾಗಿ ತಟ್ಟುತ್ತದೆ. ಜಿಲ್ಲೆಯಲ್ಲಿ ಬಗೆಹರಿಯದ ನರರೋಗಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಕೊನೆಯ ಮೊರೆ. ಅದಾದರೂ ಇನ್ನೂರೈವತ್ತು ಕಿಲೋಮೀಟರಿಗೂ ಆಚೆ ಇದೆ.

ವೈರಾಣುವು ದೇಹವನ್ನು ಹೊಕ್ಕ ಕೆಲವೇ ದಿನಗಳಲ್ಲಿ, ಬಿಳಿಯ ರಕ್ತಕಣಗಳೊಳಗೆ ಕುಳಿತು ಮಿದುಳನ್ನು ತಲುಪುತ್ತದೆಂಬುದು ಈಗ ಸ್ಥಿರಪಟ್ಟ ವಿಷಯ. ಅಲ್ಲಿ ಅದು ನರಕೋಶಗಳನ್ನು ತಾನಾಗಿ ಹೊಗುವುದಿಲ್ಲ. ಮಿದುಳಿನ ರಕ್ಷಣಾಕೋಶಗಳಾದ ಮೈಕ್ರೋಗ್ಲಿಯಾಗಳಲ್ಲಿಯೂ ರಕ್ತನಾಳಗಳ ಸುತ್ತಣ ಭಕ್ಷಕಕೋಶಗಳಲ್ಲಿಯೂ ನೆಲೆಸಿ, ಅಲ್ಲಿಂದ ಹೊರಡುವ ಪ್ರೋಟೀನುಗಳಿಂದಲೂ ಬಿಡದೆ ನಡೆಯುವ ಉರಿಯೂತದಿಂದಲೂ ನೆರೆಯ ನರಕೋಶಗಳನ್ನು ಸವೆಸುತ್ತದೆ. ಮಿದುಳಿನ ರಕ್ತನಾಳಗಳ ಒಳಪದರವು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ವಿಷವಸ್ತುಗಳಂತೆಯೇ ಅನೇಕ ಔಷಧಗಳೂ ಒಳಗೆ ಪೂರ್ಣಪ್ರಮಾಣದಲ್ಲಿ ಇಳಿಯಲಾರವು. ಆದಕಾರಣ ರಕ್ತದ ವೈರಲ್ ಲೋಡ್, ಎಂದರೆ ಅಲ್ಲಿನ ವೈರಾಣುವಿನ ಪ್ರಮಾಣ, ಸೊನ್ನೆಗೆ ಸಮೀಪಿಸಿದ್ದರೂ ಮಿದುಳಿನ ವಿಚಾರವನ್ನು ಬೇರೆಯಾಗಿಯೇ ವಿಚಾರಿಸತಕ್ಕದ್ದು.

ಆದರೆ ನಮ್ಮ ಸೀಮೆಯಲ್ಲಿ ಈ ಸೂಕ್ಷ್ಮಗಳಿಗಿಂತ ಮೊದಲು ಎದುರಾಗುವುದು ತಡವಾಗಿ ಬಂದವರ ಕಥೆ. ನಿಮ್ಹಾನ್ಸಿನಲ್ಲಿ 1989ರಿಂದ 1996ರವರೆಗೆ ಕಂಡ ರೋಗಿಗಳ ವಿವರವನ್ನು ಪಿ. ಸತೀಶ್ಚಂದ್ರ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದಾಗ, ಕ್ರಿಪ್ಟೊಕಾಕಸ್ ಶಿಲೀಂಧ್ರದಿಂದುಂಟಾಗುವ ಮಿದುಳು ಜ್ವರ, ಮಿದುಳಿನ ಕ್ಷಯ, ಟಾಕ್ಸೊಪ್ಲಾಸ್ಮಾ ಗಂಟು ಇವು ಅಗ್ರಸ್ಥಾನದಲ್ಲಿದ್ದವು. ಆ ಕಾಲ ಕಳೆದು ಎರಡು ದಶಕಗಳು ಮೀರಿದರೂ ಈ ಮೂವರು ಶತ್ರುಗಳು ಊರು ಬಿಟ್ಟು ಹೋಗಿಲ್ಲ. ರೋಗನಿರೋಧಶಕ್ತಿಯ ಅಳತೆಯಾದ ಸಿಡಿ4 ಎಣಿಕೆ ನೂರಕ್ಕಿಂತ ಕೆಳಗಿಳಿದ ಮೇಲೆ ಮೊದಲ ಬಾರಿಗೆ ಆಸ್ಪತ್ರೆಯ ಮೆಟ್ಟಿಲೇರುವವರು, ಮಾತ್ರೆ ಹಿಡಿದು ನಡುವೆ ಬಿಟ್ಟವರು, ಸುಗ್ಗಿಗೋ ಕೂಲಿಗೋ ಊರು ಬಿಟ್ಟು ಹೋಗಿ ಮತ್ತೆ ಕೇಂದ್ರಕ್ಕೆ ಬಾರದವರು ಈ ಶತ್ರುಗಳ ಕೈಗೆ ಸಿಕ್ಕಿಬೀಳುವರು. “ಎ.ಆರ್.ಟಿ. ಪಡೆಯುತ್ತಿರುವ ರೋಗಿ” ಎಂದು ಕಡತದಲ್ಲಿ ಬರೆದಿದ್ದರೂ, ವಾಸ್ತವವಾಗಿ ಆರು ತಿಂಗಳಿಂದ ಮಾತ್ರೆ ಮುಟ್ಟದ ರೋಗಿಯು ಅವರಲ್ಲಿ ಸೇರಿರುವುದುಂಟು.

ಕ್ರಿಪ್ಟೊಕಾಕಸ್ ರೋಗದ ನಿರ್ಣಯವನ್ನು ಸಮೀಪದಿಂದ ನೋಡಿದವರು ಅದನ್ನು ಮರೆಯಲಾರರು. ವಾರಗಟ್ಟಲೆ ತಲೆನೋವು, ಬೆಳಗಾದೊಡನೆ ವಾಂತಿ, ಸಂಜೆಯ ಸಣ್ಣ ಜ್ವರ. ಮನೆಯವರು ಪಿತ್ತವೆಂದು ತಿಳಿದು ಕಾಲ ಕಳೆದಿರುತ್ತಾರೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ಸೊಂಟದ ಎಲುಬುಗಳ ನಡುವೆ ಸೂಜಿಯಿಳಿಸಿ ಹನಿಹನಿಯಾಗಿ ದ್ರವವನ್ನು ತೆಗೆದು, ಅದರ ಒಂದು ಬಿಂದುವಿಗೆ ಇಂಡಿಯಾ ಇಂಕು ಎಂಬ ಕಪ್ಪು ಶಾಯಿಯ ಒಂದು ಬಿಂದುವನ್ನು ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕರಿಯ ಹಿನ್ನೆಲೆಯಲ್ಲಿ ದುಂಡನೆಯ ಶಿಲೀಂಧ್ರಕೋಶಗಳು, ಶಾಯಿಯನ್ನು ಒಳಬಿಡದ ತಮ್ಮ ದಪ್ಪ ಕವಚದಿಂದಾಗಿ, ಒಂದೊಂದೂ ಬಿಳಿಯ ಪರಿವೇಷವನ್ನು ಧರಿಸಿ ನಿಂತಿರುವುದು ಕಾಣುತ್ತದೆ. ಅಗ್ಗದ, ಅರ್ಧ ಗಂಟೆಯ ಪರೀಕ್ಷೆ. ಆದರೂ “ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ” ಎಂಬ ಭಯದಿಂದ ಒಪ್ಪಿಗೆ ಕೊಡದ ಬಂಧುಗಳು ಇಂದಿಗೂ ಉಂಟು. ಈ ಭಯಕ್ಕೆ ಆಧಾರವಿಲ್ಲ. ಈ ವ್ಯಾಧಿಯಲ್ಲಿ ತಲೆಯೊಳಗಿನ ಒತ್ತಡವೇ ದೃಷ್ಟಿಯನ್ನೂ ಪ್ರಾಣವನ್ನೂ ತೆಗೆಯುವುದರಿಂದ, ಮತ್ತೆ ಮತ್ತೆ ಆ ದ್ರವವನ್ನು ತೆಗೆಯುವುದು ಪರೀಕ್ಷೆಯಾಗಿರುವಂತೆಯೇ ಚಿಕಿತ್ಸೆಯೂ ಆಗಿರುತ್ತದೆಂಬುದನ್ನು ಆಪ್ತಸಮಾಲೋಚಕರು ತಾಳ್ಮೆಯಿಂದ ತಿಳಿಯಹೇಳಬೇಕು. ಎರಡು ವಾರ ನಿತ್ಯವೂ ರಕ್ತನಾಳಕ್ಕೆ ಕೊಡಬೇಕಾಗಿದ್ದ ಆಂಫೊಟೆರಿಸಿನ್ನಿಗೆ ಬದಲಾಗಿ ಅದರ ಲಿಪೊಸೋಮ್ ರೂಪವನ್ನು ಒಂದೇ ಸಲ ಹೆಚ್ಚು ಪ್ರಮಾಣದಲ್ಲಿ ಕೊಟ್ಟು, ಜೊತೆಗೆ ಬಾಯಿಯ ಮೂಲಕ ಇತರ ಎರಡು ಔಷಧಗಳನ್ನು ಕೊಟ್ಟರೂ ಸಾಕೆಂಬುದನ್ನು ಆಫ್ರಿಕದ ಒಂದು ದೊಡ್ಡ ಪ್ರಯೋಗವು ತೋರಿಸಿದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಆ ಕ್ರಮವನ್ನು ಶಿಫಾರಸು ಮಾಡಿತು.

ಇಲ್ಲಿ ವೈದ್ಯಶಾಸ್ತ್ರವನ್ನೇ ಬೆರಗುಗೊಳಿಸಿದ ಒಂದು ವಿಪರ್ಯಾಸವುಂಟು. ಎ.ಆರ್.ಟಿ. ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದೆಂಬುದು ಸಾಮಾನ್ಯ ನಿಯಮ. ಆದರೆ ಮಿದುಳಿನೊಳಗೆ ಸೋಂಕು ಇರುವಾಗ ಆತುರಪಟ್ಟರೆ, ಮಲಗಿದ್ದ ರೋಗನಿರೋಧಶಕ್ತಿಯು ಒಮ್ಮೆಲೇ ಎಚ್ಚೆತ್ತು, ಎಡೆಯಿಲ್ಲದ ತಲೆಬುರುಡೆಯೊಳಗೆ ಬಾವು ಎಬ್ಬಿಸಿ ರೋಗಿಯನ್ನೇ ಬಲಿಗೊಳ್ಳಬಹುದು. ಯುಗಾಂಡ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ರಿಪ್ಟೊಕಾಕಸ್ ರೋಗಿಗಳಿಗೆ ಒಂದೆರಡು ವಾರದೊಳಗೆ ಎ.ಆರ್.ಟಿ. ಕೊಟ್ಟಾಗ ಆರು ತಿಂಗಳಲ್ಲಿ ನೂರಕ್ಕೆ 45 ಮಂದಿಯೂ, ಸುಮಾರು ಐದು ವಾರ ತಡೆದು ಕೊಟ್ಟಾಗ ನೂರಕ್ಕೆ 30 ಮಂದಿಯೂ ತೀರಿಕೊಂಡರು. ಮಿದುಳಿನ ಕ್ಷಯದಲ್ಲಿಯೂ ಕೆಲವು ವಾರ ಕಾಯುವುದೇ ಕ್ರಮ. ಆ ಕ್ಷಯದಲ್ಲಿ ರೂಢಿಯಂತೆ ಕೊಡುವ ಸ್ಟೀರಾಯ್ಡಿನಿಂದ ಎಚ್.ಐ.ವಿ. ಇರುವವರ ಪ್ರಾಣ ಹೆಚ್ಚು ಉಳಿಯುವುದೆಂಬ ನಂಬಿಕೆಗೆ ವಿಯೆಟ್ನಾಂ–ಇಂಡೋನೇಷ್ಯಗಳ 2023ರ ಪ್ರಯೋಗದಲ್ಲಿ ಸಮರ್ಥನೆ ದೊರೆಯಲಿಲ್ಲ. ಹೊಸದಾಗಿ ಮಾತ್ರೆ ಆರಂಭಿಸುವ ಮುನ್ನ “ತಲೆನೋವಿದೆಯೆ, ಎಷ್ಟು ದಿನದಿಂದ?” ಎಂದು ಕೇಳುವ ಒಂದು ನಿಮಿಷವು, ಈ ಅಂಕಿಗಳ ಬೆಳಕಿನಲ್ಲಿ ನೋಡಿದರೆ, ಇಡೀ ಚಿಕಿತ್ಸೆಯ ಅತ್ಯಂತ ಬೆಲೆಬಾಳುವ ನಿಮಿಷವೆಂದು ನನ್ನ ದೃಢವಾದ ಅಭಿಪ್ರಾಯ.

ಮಾತ್ರೆಯನ್ನು ನಿಷ್ಠೆಯಿಂದ ನುಂಗಿದವರಿಗೂ ಬಂದ ಉಪದ್ರವಗಳಲ್ಲಿ ಪಾದದ ನರಗಳದು ಎಲ್ಲಕ್ಕಿಂತ ವ್ಯಾಪಕವಾದದ್ದು. 2004ರ ತರುವಾಯದ ವರ್ಷಗಳಲ್ಲಿ ಸರ್ಕಾರವು ಕೊಟ್ಟ ಸಂಯುಕ್ತ ಮಾತ್ರೆಯಲ್ಲಿ ಸ್ಟಾವುಡಿನ್ ಎಂಬ ಔಷಧವಿತ್ತು. ಅಗ್ಗವಾಗಿ ಸಿಕ್ಕುತ್ತಿದ್ದ ಅದು ಅಸಂಖ್ಯ ಜೀವಗಳನ್ನು ಉಳಿಸಿತೆಂಬುದನ್ನು ಕೃತಜ್ಞತೆಯಿಂದ ನೆನೆಯತಕ್ಕದ್ದು. ಆದರೆ ಅದು ನರತಂತುಗಳೊಳಗಿನ ಮೈಟೊಕಾಂಡ್ರಿಯಗಳಿಗೆ ವಿಷವಾಗಿ, ದೇಹದ ಅತ್ಯಂತ ನೀಳವಾದ ನರಗಳ ತುದಿಗಳನ್ನು, ಎಂದರೆ ಪಾದಗಳನ್ನು, ಮೊದಲು ಬಾಧಿಸಿತು. ಕ್ಷಯಕ್ಕೆ ಐಸೋನಿಯಾಜಿಡ್ ತೆಗೆದುಕೊಳ್ಳುತ್ತಿದ್ದವರಲ್ಲಿ, ಅದರ ಜೊತೆಗೆ ಪಿರಿಡಾಕ್ಸಿನ್ ಮಾತ್ರೆ ಕೊಡದಿದ್ದಲ್ಲಿ, ಬಾಧೆ ಇಮ್ಮಡಿಸಿತು. ಮದ್ಯಪಾನವೂ ಸಕ್ಕರೆ ಕಾಯಿಲೆಯೂ ಬಿ–12 ಜೀವಸತ್ವದ ಕೊರತೆಯೂ ಸೇರಿದಲ್ಲಿ ಇನ್ನೂ ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯು 2009ರ ಕೊನೆಯಲ್ಲಿ ಸ್ಟಾವುಡಿನ್ನನ್ನು ಹಂತಹಂತವಾಗಿ ಬಿಡಬೇಕೆಂದು ಹೇಳಿತು, ನಮ್ಮಲ್ಲಿಯೂ ಕ್ರಮೇಣ ಅದು ಹಿಂದೆ ಸರಿಯಿತು. ಔಷಧ ಹೋದರೂ ಅದು ಮಾಡಿದ ಗಾಯವು ಅನೇಕರ ಕಾಲಿನಲ್ಲಿ ಉಳಿದಿದೆ.

ಈ ಗಾಯದ ಸ್ವರೂಪವನ್ನು ರೋಗಿಗಳ ಮಾತಿನಲ್ಲಿಯೇ ಕೇಳಬೇಕು. “ಪಾದ ಉರಿಯುತ್ತದೆ, ರಾತ್ರಿ ಹೊದಿಕೆ ತಾಕಿದರೂ ತಡೆಯಲಾಗುವುದಿಲ್ಲ” ಎನ್ನುವರು ಕೆಲವರು; “ಜೋಮು ಹಿಡಿದಂತಿರುತ್ತದೆ, ಹತ್ತಿಯ ಮೇಲೆ ನಡೆದಂತಾಗುತ್ತದೆ” ಎನ್ನುವರು ಮತ್ತೆ ಕೆಲವರು. ಉರಿಯಿಲ್ಲದೆ ಬರಿಯ ಮರಗಟ್ಟುವಿಕೆ ಇರುವವರು ಏನನ್ನೂ ಹೇಳುವುದೇ ಇಲ್ಲ. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದದ್ದೂ ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗುವವರನ್ನು ಕಂಡರೆ, ಆ ಪಾದಕ್ಕೆ ಚಪ್ಪಲಿಯ ಹಿಡಿತವೇ ತಿಳಿಯದೆಂಬುದು ಸ್ಪಷ್ಟವಾಗುತ್ತದೆ. ಇಂತಹ ಪಾದವು ಗದ್ದೆಯ ಕೆಸರಿನಲ್ಲಿ ಮುಳ್ಳು ಚುಚ್ಚಿದರೂ ಅರಿಯದು. ಇಂತಹ ಕೈ ಭಟ್ಟಿಯ ಬಳಿ ಸುಟ್ಟರೂ ಚರ್ಮ ಬೆಂದ ಮೇಲೆ ಅರಿಯುವುದು. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮೊದಲಾದ ಮಾತ್ರೆಗಳಿಂದ ಉರಿಗೆ ಕೆಲವರಲ್ಲಿ ತಕ್ಕಮಟ್ಟಿನ ಶಮನವಾಗುವುದಾದರೂ, ಮರಗಟ್ಟಿದ ಚರ್ಮಕ್ಕೆ ಅರಿವನ್ನು ಮರಳಿಸುವ ಔಷಧ ಇನ್ನೂ ಇಲ್ಲ. ನಿತ್ಯವೂ ರಾತ್ರಿ ಪಾದಗಳನ್ನು ತೊಳೆದು ಬೆಳಕಿನಲ್ಲಿ ತಿರುಗಿಸಿ ನೋಡುವುದು, ಗದ್ದೆಗೆ ಇಳಿಯುವಾಗ ರಬ್ಬರಿನ ಬೂಟು ಧರಿಸುವುದು ಇವೇ ಸಾಧ್ಯವಾದ ರಕ್ಷಣೆ. ವೈಬ್ರೇಷನ್ ಪರೀಕ್ಷಿಸುವ ಟ್ಯೂನಿಂಗ್ ಫೋರ್ಕ್ ಒಂದನ್ನು ಹೆಬ್ಬೆರಳಿಗೆ ಇಟ್ಟು ನೋಡಿದರೆ ದೋಷವು ಒಂದು ನಿಮಿಷದಲ್ಲಿ ಬಯಲಾಗುತ್ತದೆ.

ಸ್ಟಾವುಡಿನ್ ಹಿಂದೆ ಸರಿದ ತರುವಾಯ ರಾತ್ರಿಗೊಂದರಂತೆ ನುಂಗುವ ಮಾತ್ರೆ ಬಂದಿತು. ಅದರಲ್ಲಿದ್ದ ಎಫಾವಿರೆಂಜ್ ಮಿದುಳನ್ನು ಚೆನ್ನಾಗಿ ತಲುಪುವ ಔಷಧ. ತಲುಪುವುದರಿಂದಲೇ ತಲೆಸುತ್ತು, ನಿದ್ರಾಭಂಗ, ಕಣ್ಣಿಗೆ ಕಟ್ಟಿದಂತಹ ಕನಸುಗಳು, ಕೆಲವರಲ್ಲಿ ಖಿನ್ನತೆ ಇವು ಉಂಟಾದವು. ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ಇವು ತಾವಾಗಿ ಇಳಿಯುತ್ತವೆ. ಆದರೆ ಯಕೃತ್ತಿನ ಒಂದು ಕಿಣ್ವದ ಆನುವಂಶಿಕ ಭೇದದಿಂದ ಈ ಔಷಧವನ್ನು ನಿಧಾನವಾಗಿ ಕರಗಿಸುವವರು ಭಾರತೀಯರಲ್ಲಿ ಅಪರೂಪವಲ್ಲ; ಅಂತಹವರಲ್ಲಿ ಔಷಧವು ರಕ್ತದಲ್ಲಿ ಸಂಚಯವಾಗಿ, ವರ್ಷಗಳ ತರುವಾಯ ನಡಿಗೆ ತೂರಾಡುವುದೂ ಮಾತು ತೊದಲುವುದೂ ಉಂಟು. ರಾತ್ರಿ ಲಾರಿ ನಡೆಸುವವನೊಬ್ಬನು ಈ ಮಾತ್ರೆಯನ್ನು ರಾತ್ರಿಯೇ ನುಂಗಬೇಕೆಂಬ ಆಜ್ಞೆಯನ್ನು ಹೇಗೆ ಪಾಲಿಸಿಯಾನು? ತಲೆಸುತ್ತಿಗೆ ಹೆದರಿ ಮಾತ್ರೆ ಬಿಟ್ಟರೆ ವೈರಾಣುವು ಔಷಧವನ್ನು ಗೆಲ್ಲುವ ಬಲವನ್ನು ಪಡೆಯುತ್ತದೆ, ಮಾತ್ರೆ ನುಂಗಿ ಸ್ಟಿಯರಿಂಗ್ ಹಿಡಿದರೆ ಅಪಘಾತದ ಭಯ. ಇಂತಹವನು ಕೇಂದ್ರದಲ್ಲಿ “ಮಾತ್ರೆ ತಪ್ಪಿಸಿಲ್ಲ” ಎಂದು ಸುಳ್ಳು ಹೇಳಿದರೆ ಅವನನ್ನು ಗದರಿಸುವುದು ಅನ್ಯಾಯ. ಅವನ ಕೆಲಸದ ವೇಳೆಯನ್ನು ಕೇಳದೆ ಮಾತ್ರೆಯ ವೇಳೆಯನ್ನು ಗೊತ್ತುಮಾಡಿದ ಕ್ರಮದಲ್ಲಿಯೇ ದೋಷವಿತ್ತು. 2020ರ ಸುಮಾರಿಗೆ ಎಫಾವಿರೆಂಜ್ ಸ್ಥಾನಕ್ಕೆ ಡೊಲುಟೆಗ್ರಾವಿರ್ ಬಂದು ಈ ಸಂಕಟವನ್ನು ಬಹುಮಟ್ಟಿಗೆ ನಿವಾರಿಸಿದೆ. ಅದರಿಂದಲೂ ಕೆಲವರಿಗೆ ನಿದ್ರೆ ಕೆಡುವುದುಂಟು. ಬೆಳಗ್ಗೆ ನುಂಗಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಡೊಲುಟೆಗ್ರಾವಿರ್ ತಂದ ಹೊಸ ಎಚ್ಚರಿಕೆಯೊಂದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಹಳೆಯ ಕ್ಷಯದ ಗಂಟು, ಲಾಡಿಹುಳುವಿನ ಗುಳ್ಳೆ, ವಾಸಿಯಾದ ಟಾಕ್ಸೊಪ್ಲಾಸ್ಮಾದ ಕಲೆ ಇವುಗಳಲ್ಲಿ ಯಾವುದರಿಂದಲಾದರೂ ಫಿಟ್ಸ್ ಬಂದ ರೋಗಿಯು ಹತ್ತಿರದ ದವಾಖಾನೆಗೆ ಹೋದರೆ, ಸೋಂಕಿನ ವಿಷಯವನ್ನು ಅವನು ಮುಚ್ಚಿಟ್ಟಿರುವುದರಿಂದ, ಅಗ್ಗವಾದ ಫಿನೈಟಾಯಿನ್ ಅಥವಾ ಕಾರ್ಬಮಜೆಪಿನ್ ಮಾತ್ರೆಗಳನ್ನು ಬರೆದುಕೊಡುವುದು ಸಹಜ. ಇವೆರಡೂ ಯಕೃತ್ತಿನ ಕಿಣ್ವಗಳನ್ನು ಕೆರಳಿಸಿ ಡೊಲುಟೆಗ್ರಾವಿರಿನ ಪ್ರಮಾಣವನ್ನು ರಕ್ತದಲ್ಲಿ ಇಳಿಸಿಬಿಡುತ್ತವೆ. ರೋಗಿಯು ಎರಡು ಮಾತ್ರೆಗಳನ್ನೂ ಭಕ್ತಿಯಿಂದ ನುಂಗುತ್ತಿದ್ದರೂ ಒಂದು ಮತ್ತೊಂದನ್ನು ನಿಷ್ಫಲಗೊಳಿಸುತ್ತಿರುತ್ತದೆ. ಲೆವೆಟಿರಾಸಿಟಾಮ್ ಈ ದೋಷವಿಲ್ಲದ ಮಾತ್ರೆ. ಕ್ಷಯದ ರಿಫಾಂಪಿಸಿನ್ನಿನಿಂದಲೂ ಇದೇ ಇಳಿತ ಉಂಟಾಗುವುದರಿಂದ, ಆ ಅವಧಿಯಲ್ಲಿ ಡೊಲುಟೆಗ್ರಾವಿರನ್ನು ದಿನಕ್ಕೆ ಎರಡು ಸಲ ಕೊಡುವ ನಿಯಮವಿದೆ. ಗುಟ್ಟು ಮುಚ್ಚಿಟ್ಟದ್ದಕ್ಕೆ ರೋಗಿಯನ್ನು ದೂಷಿಸುವ ಮುನ್ನ, ಗುಟ್ಟು ಬಯಲಾದರೆ ಬಾಡಿಗೆಯ ಮನೆ ಹೋಗುವ, ಕೆಲಸ ಹೋಗುವ ಭಯವನ್ನು ನೆನೆಯಬೇಕು. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ತಾರತಮ್ಯವನ್ನು ನಿಷೇಧಿಸಿ ಗೌಪ್ಯತೆಯನ್ನು ಹಕ್ಕಾಗಿ ಮಾಡಿದ್ದರೂ, ಕಾಯಿದೆಯ ನೆರಳು ಇನ್ನೂ ಎಲ್ಲ ಬೀದಿಗಳ ಮೇಲೆ ಬಿದ್ದಿಲ್ಲ.

ಇನ್ನು ಬುದ್ಧಿಶಕ್ತಿಯ ವಿಚಾರ. ಅಮೆರಿಕದಲ್ಲಿ 1986ರಲ್ಲಿ ನೇವಿಯಾ, ಜೋರ್ಡನ್, ಪ್ರೈಸ್ ಎಂಬವರು ವರ್ಣಿಸಿದ ಏಡ್ಸ್ ಬುದ್ಧಿಭ್ರಂಶವು, 1996ರಲ್ಲಿ ಸಂಯುಕ್ತ ಚಿಕಿತ್ಸೆ ಬಂದ ಮೇಲೆ ಅಪರೂಪವಾಯಿತು. ಅದರ ಸ್ಥಾನಕ್ಕೆ ಸೌಮ್ಯವಾದ ಮಂದತೆ ಬಂದಿತು. ಅಲ್ಲಿಯದೇ ಆದ ಚಾರ್ಟರ್ ಅಧ್ಯಯನವು 2010ರಲ್ಲಿ 1,555 ಮಂದಿಯನ್ನು ಪರೀಕ್ಷಿಸಿದ ಫಲವನ್ನು ಹೇಳುವಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಏನಾದರೂ ಕೊರತೆ ಕಂಡಿತೆಂದೂ, ಪೂರ್ಣ ಬುದ್ಧಿಭ್ರಂಶವು ನೂರಕ್ಕೆ ಇಬ್ಬರಲ್ಲಿ ಮಾತ್ರವೆಂದೂ ತಿಳಿಸಿತು. ನಮ್ಮ ದೇಶದಲ್ಲಿ ಪ್ರಚುರವಾಗಿರುವ ವೈರಾಣು ಸಿ ಉಪಪ್ರಭೇದದ್ದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು, ಈ ಉಪಪ್ರಭೇದದ ಟ್ಯಾಟ್ ಪ್ರೋಟೀನಿನಲ್ಲಿ 31ನೆಯ ಸ್ಥಾನದ ಅಮೈನೋ ಆಮ್ಲವು ಬದಲಾಗಿರುವುದರಿಂದ ಅದು ರಕ್ಷಣಾಕೋಶಗಳನ್ನು ಮಿದುಳಿನತ್ತ ಸೆಳೆಯುವ ಶಕ್ತಿಯಲ್ಲಿ ಕುಂದಿರುವುದೆಂದು 2004ರಲ್ಲಿ ತೋರಿಸಿದರು. ಹಾಗಾದರೆ ನಮ್ಮವರ ಮಿದುಳು ಸುರಕ್ಷಿತವೆಂದು ಸಮಾಧಾನಪಡಬಹುದಾಗಿತ್ತು. ಆದರೆ ಚಿಕಿತ್ಸೆ ಆರಂಭಿಸದ ದಕ್ಷಿಣ ಭಾರತದ ಸೋಂಕಿತರನ್ನು ನಿಮ್ಹಾನ್ಸಿನವರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೌಮ್ಯ ಅಥವಾ ಮಧ್ಯಮ ಕೊರತೆಯಿತ್ತು.

ಈ ಅಂಕಿಗಳನ್ನು ಓದುವಾಗ ವಿವೇಕ ಬೇಕು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದುದೆಲ್ಲ ಮಿದುಳಿನ ವ್ಯಾಧಿಯಲ್ಲ. ಶಾಲೆಯ ಮುಖ ಕಾಣದಿದ್ದುದು, ಬಾಲ್ಯದ ಅರೆಹೊಟ್ಟೆ, ಗಂಡನನ್ನು ಕಳೆದುಕೊಂಡ ದುಃಖ, ಖಿನ್ನತೆ ಇವೂ ಅಂಕವನ್ನು ಇಳಿಸುತ್ತವೆ. ಈಚಿನ ವರ್ಷಗಳಲ್ಲಿ ಪಾಶ್ಚಾತ್ಯ ತಜ್ಞರೇ ಹಳೆಯ ವರ್ಗೀಕರಣವು ನಿರೋಗಿಗಳನ್ನೂ ರೋಗಿಗಳೆಂದು ಎಣಿಸುತ್ತದೆಂದು ಆಕ್ಷೇಪಿಸಿರುವುದು ನನಗೆ ನ್ಯಾಯವಾಗಿ ತೋರುತ್ತದೆ. ಆದರೂ ಅಕ್ಷರದ ಹಂಗಿಲ್ಲದ ಒಂದು ಪರೀಕ್ಷೆಯುಂಟು. 2005ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಎಚ್.ಐ.ವಿ. ಬುದ್ಧಿಭ್ರಂಶ ಮಾಪಕವೆಂದು ಅದರ ಹೆಸರು. ನಾಲ್ಕು ಪದಗಳನ್ನು ಹೇಳಿ ನೆನಪಿಡಲು ತಿಳಿಸುವುದು; ಹೆಬ್ಬೆರಳಿಗೆ ತೋರುಬೆರಳನ್ನು ಐದು ಸೆಕೆಂಡುಗಳಲ್ಲಿ ಎಷ್ಟು ಸಲ ತಾಕಿಸಬಲ್ಲರೆಂದು ಎಣಿಸುವುದು; ಮುಷ್ಟಿಯನ್ನು ಮೇಜಿನ ಮೇಲಿಟ್ಟು, ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ಕೈಯನ್ನು ಅಂಚಿನ ಮೇಲೆ ನಿಲ್ಲಿಸಿ, ಈ ಮೂರು ಭಂಗಿಗಳನ್ನು ಅನುಕ್ರಮವಾಗಿ ವೇಗದಿಂದ ಮಾಡಿಸುವುದು; ಕೊನೆಗೆ ಆ ನಾಲ್ಕು ಪದಗಳನ್ನು ಮರಳಿ ಕೇಳುವುದು. ಹನ್ನೆರಡು ಅಂಕಗಳಲ್ಲಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಬಂದರೆ ವಿಶದವಾದ ಪರೀಕ್ಷೆಗೆ ಕಳಿಸತಕ್ಕದ್ದು. ಮಾತ್ರೆಗಾಗಿ ಸರದಿಯಲ್ಲಿ ಕುಳಿತಿರುವಾಗಲೇ ಐದು ನಿಮಿಷಗಳಲ್ಲಿ ಇದು ಮುಗಿಯುತ್ತದೆ. ಮುಂದಿನ ಹಂತಕ್ಕೆ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ಅನುಗುಣವಾದ ಮಾನದಂಡಗಳನ್ನುಳ್ಳ, ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಸಿದ್ಧಪಡಿಸಿದ ನಿಮ್ಹಾನ್ಸಿನ ಪರೀಕ್ಷಾಮಾಲೆ ನಮ್ಮಲ್ಲಿಯೇ ಇದೆ.

ಕೊನೆಯದಾಗಿ ಹೇಳಬೇಕಾದುದು, ಸಂಖ್ಯೆಯಲ್ಲಿ ಅಲ್ಪವಾದರೂ ತೀವ್ರತೆಯಲ್ಲಿ ಭಯಂಕರವಾದ ಒಂದು ಸ್ಥಿತಿ. ರಕ್ತದಲ್ಲಿ ವೈರಾಣು ಕಾಣದಿರುವಾಗಲೂ, ಅಥವಾ ಅತ್ಯಲ್ಪವಾಗಿರುವಾಗಲೂ, ಮಿದುಳುಬಳ್ಳಿಯ ದ್ರವದಲ್ಲಿ ಅದು ಸ್ವತಂತ್ರವಾಗಿ ವೃದ್ಧಿಯಾಗುವುದುಂಟು. ಮೊದಲ ಸಾಲಿನ ಮಾತ್ರೆ ವಿಫಲವಾಗಿ, ರಿಟೊನಾವಿರ್ ಕೂಡಿದ ಅಟಜನಾವಿರ್ ಇರುವ ಎರಡನೆಯ ಸಾಲಿಗೆ ಬಂದವರಲ್ಲಿ ಇದು ವಿಶೇಷವಾಗಿ ಕಂಡುಬಂದಿರುವುದನ್ನು ಭಾರತದ ವೈದ್ಯರು ವರದಿ ಮಾಡಿದ್ದಾರೆ. ಆ ಔಷಧವು ಮಿದುಳಿಗೆ ಅಷ್ಟಾಗಿ ಇಳಿಯದು, ಜೊತೆಯ ಔಷಧಗಳಿಗೆ ವೈರಾಣು ಆಗಲೇ ಪಳಗಿರುತ್ತದೆ. ಚೆನ್ನಾಗಿದ್ದ ಮನುಷ್ಯನು ಕೆಲವೇ ವಾರಗಳಲ್ಲಿ ತೂರಾಡತೊಡಗುವನು, ಕೈ ನಡುಗುವುದು, ಹೆಸರು ಮರೆಯುವುದು, ಫಿಟ್ಸ್ ಬರುವುದು. ವೈರಲ್ ಲೋಡ್ ಚೀಟಿಯನ್ನು ನೋಡಿದ ವೈದ್ಯರು “ನಿಮ್ಮ ಎಚ್.ಐ.ವಿ. ಹಿಡಿತದಲ್ಲಿದೆ, ಇದು ಬೇರೆ ಏನೋ” ಎಂದರೆ ಆ ಮಾತಿನ ಮೊದಲರ್ಧ ರಕ್ತದ ಮಟ್ಟಿಗೆ ಮಾತ್ರ ಸತ್ಯ. ಇದನ್ನು ಶಂಕಿಸಿ ಮಿದುಳಿಗೆ ಇಳಿಯುವ ಔಷಧಗಳಿಗೆ ಬದಲಾಯಿಸಿದರೆ ಹಾಸಿಗೆ ಹಿಡಿದವರೂ ಎದ್ದು ನಡೆಯುವುದುಂಟಾದ್ದರಿಂದ, ಶಂಕಿಸದೆ ಇರುವುದು ಅಕ್ಷಮ್ಯ.

ಶಂಕಿಸಿದ ಮೇಲೆ ಖಚಿತಪಡಿಸಿಕೊಳ್ಳುವುದಕ್ಕೆ ಬೆನ್ನುದ್ರವದಲ್ಲಿ ವೈರಾಣುವನ್ನು ಎಣಿಸಬೇಕು. ವರ್ಷಕ್ಕೊಮ್ಮೆ ರಕ್ತದ ವೈರಲ್ ಲೋಡ್ ನೋಡುವುದು ಈಗ ಕಾರ್ಯಕ್ರಮದ ವಾಡಿಕೆಯ ಭಾಗ. ಬೆನ್ನುದ್ರವದ ಎಣಿಕೆ ಆ ವಾಡಿಕೆಯೊಳಗೆ ಸೇರಿಲ್ಲ. ಎರಡಕ್ಕೂ ಬೇಕಾದ ಯಂತ್ರ ಒಂದೇ ಬಗೆಯದು. ಹರಿಹರದ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಣಿಸಿಕೊಂಡ ರೋಗಿಯನ್ನು ಅಂದೇ ದಾವಣಗೆರೆಗೆ ಕಳಿಸಿ, ಅಲ್ಲಿ ತೆಗೆದ ದ್ರವದ ಒಂದೆರಡು ಮಿಲಿಲೀಟರನ್ನು ತಣ್ಣಗಿಟ್ಟು ರಕ್ತದ ಮಾದರಿಗಳು ಹೋಗುವ ಪೆಟ್ಟಿಗೆಯಲ್ಲಿಯೇ ಪ್ರಯೋಗಾಲಯಕ್ಕೆ ರವಾನಿಸಿ, ಉತ್ತರವನ್ನು ವಾರದೊಳಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಕೈಗೆ ಮುಟ್ಟಿಸುವ ಏರ್ಪಾಡನ್ನು ರಾಜ್ಯದ ಏಡ್ಸ್ ಪ್ರಿವೆನ್ಷನ್ ಸೊಸೈಟಿಯು ಮಧ್ಯಕರ್ನಾಟಕದ ಜಿಲ್ಲೆಗಳಿಗೆಲ್ಲ ಸೇರಿಸಿ ಒಂದಾಗಿ ಮಾಡಿಕೊಡಬಹುದು. ಅದಕ್ಕೆ ಬೇಕಾದುದು ಒಂದು ಸುತ್ತೋಲೆ ಮತ್ತು ಪರೀಕ್ಷಾ ಕಿಟ್‌ಗಳ ಅಲ್ಪ ವೆಚ್ಚ.